ಸವಾಲಿಗೆ ಜವಾಬು ಬಿದ್ದ ಮೇಲೆ

ಕೆರೆ ಏರಿಯ ಹುಣಸೆಮರಗಳ ಫಸಲನ್ನು ಪಂಚಾಯಿತಿ ಕಟ್ಟೆಯಲ್ಲಿ ಹರಾಜು ಹಾಕುವುದನ್ನು ನೋಡಿದವರಿಗೆ ಆ ದೃಶ್ಯ ಮರೆಯುವುದಿಲ್ಲ. ಒಬ್ಬ ಎಂಟು ಸಾವಿರ ಎನ್ನುತ್ತಾನೆ, ಇನ್ನೊಬ್ಬ ಅದರ ಮೇಲೆ ಐನೂರು ಏರಿಸುತ್ತಾನೆ. ಹರಾಜು ಕೂಗುವವನು ಸುತ್ತಲೂ ನೋಡಿ 'ಒಂದನೇ ಸಲ, ಎರಡನೇ ಸಲ' ಎಂದು ರಾಗ ಎಳೆಯುತ್ತಾನೆ. 'ಮೂರನೇ ಸಲ' ಎನ್ನುವುದಕ್ಕೆ ಮೊದಲಿನ ಆ ಒಂದು ಗಳಿಗೆಯಲ್ಲಿ ಕೊನೆಯದಾಗಿ ಕೂಗಿದವನ ಎದೆ ಹೊಡೆದುಕೊಳ್ಳುತ್ತಿರುತ್ತದೆ. ಹೆಚ್ಚು ಕೂಗಿಬಿಟ್ಟೆನೇ? ಈಗಲೇ ಹಿಂದೆ ಸರಿಯಲೇ? ಸರಿದರೆ ಯಾರಾದರೂ ಕೇಳುತ್ತಾರೆಯೇ?

ಇಂದು ಆ ಕಟ್ಟೆ ಕಂಪ್ಯೂಟರಿನ ಪರದೆಗೆ ಬಂದಿದೆ. ಬ್ಯಾಂಕು ಜಪ್ತಿ ಮಾಡಿದ ಮನೆ, ನಗರಾಭಿವೃದ್ಧಿ ಪ್ರಾಧಿಕಾರದ ಮೂಲೆ ನಿವೇಶನ, ಹಳೆಯ ಕಾರು, ಗುಜರಿ ಕಬ್ಬಿಣ, ಕೊನೆಗೆ ವಾಹನದ ನೋಂದಣಿ ಸಂಖ್ಯೆ ಕೂಡ ಆನ್‌ಲೈನ್ ಹರಾಜಿನಲ್ಲಿ ಬಿಕರಿಯಾಗುತ್ತಿವೆ. 2023ರ ಫೆಬ್ರುವರಿಯಲ್ಲಿ ಹಿಮಾಚಲ ಪ್ರದೇಶದ ಕೋಟ್‌ಖಾಯಿಯಲ್ಲಿ 'ಎಚ್‌ಪಿ 99–9999' ಎಂಬ ಸಂಖ್ಯೆ ಹೀಗೆ ಹರಾಜಿಗೆ ಬಂತು. ಆರಂಭದ ಬೆಲೆ 1000 ರೂಪಾಯಿ. ಮುಗಿಯುವ ಹೊತ್ತಿಗೆ ಅದು 1.12 ಕೋಟಿ ರೂಪಾಯಿ ದಾಟಿತ್ತು. ಅದೂ ಒಂದು ಸ್ಕೂಟರಿನ ಸಂಖ್ಯೆಗೆ! ದೇಶದ ಪತ್ರಿಕೆಗಳೆಲ್ಲ ಬೆರಗಾಗಿ ಬರೆದವು. ಆದರೆ ಹಣ ಕಟ್ಟುವ ದಿನ ಬಂದಾಗ ಕೂಗಿದವರ ಸುಳಿವಿರಲಿಲ್ಲ.

ಇದನ್ನು ಓದಿ ನಕ್ಕವರಿಗೆ 'ಹಾಗಾದರೆ ಗೆದ್ದ ಸವಾಲನ್ನು ಬಿಟ್ಟುಕೊಟ್ಟರೆ ಏನೂ ಆಗುವುದಿಲ್ಲವೇ?' ಎಂಬ ಪ್ರಶ್ನೆಯೂ ಹುಟ್ಟಬೇಕು. ಉತ್ತರ ಅಷ್ಟು ಸರಳವಲ್ಲ. ಕೆಲವೊಮ್ಮೆ ಏನೂ ಆಗುವುದಿಲ್ಲ. ಕೆಲವೊಮ್ಮೆ ಜೀವಮಾನದ ಉಳಿತಾಯವೇ ಹೋಗುತ್ತದೆ. ಎರಡರ ನಡುವಿನ ಗೆರೆ ಎಲ್ಲಿದೆ ಎಂಬುದನ್ನು ತಿಳಿಯಲು ನಮ್ಮ ಆಡುಮಾತಿನ ಒಂದು ಪದವೇ ದಾರಿ ತೋರಿಸುತ್ತದೆ.

ಒಂದು ಪದದೊಳಗಿನ ನ್ಯಾಯ

ಹರಾಜಿಗೆ ಕನ್ನಡದಲ್ಲಿ ಹಲವು ಹೆಸರುಗಳು. 'ಹರಾಜು' ಅರಬ್ಬಿ ಮೂಲದ್ದು, ಹಿಂದೂಸ್ತಾನಿಯ ಮೂಲಕ ಬಂದದ್ದು. ಉತ್ತರ ಕರ್ನಾಟಕದ 'ಲಿಲಾವು', ಕರಾವಳಿಯ 'ಏಲಂ' ಎರಡೂ ಪೋರ್ಚುಗೀಸರ 'ಲೆಯ್ಲಾಂವ್' ಎಂಬ ಶಬ್ದದ ಮಕ್ಕಳು; ಹಿಂದಿಯ 'ನೀಲಾಮ್' ಕೂಡ ಅದೇ ಬಳಗದ್ದು. ಆದರೆ ಹರಾಜಿನಲ್ಲಿ ಬೆಲೆ ಕೂಗುವುದಕ್ಕೆ ನಾವು ಬಳಸುವುದು 'ಸವಾಲು' ಎಂಬ ಪದವನ್ನು. ಅರಬ್ಬಿಯಲ್ಲಿ ಸವಾಲು ಎಂದರೆ ಪ್ರಶ್ನೆ. ಪ್ರಶ್ನೆಗೊಂದು ಜವಾಬು ಬೇಕು.

ಹರಾಜಿನ ಕಾನೂನೆಲ್ಲ ಈ ಸವಾಲು–ಜವಾಬಿನಲ್ಲಿ ಅಡಗಿದೆ. 'ಎಂಟು ಸಾವಿರಕ್ಕೆ ಕೊಡುತ್ತೀರಾ?' ಎಂಬುದು ಕೂಗಿದವನ ಪ್ರಶ್ನೆ. ಕಾನೂನಿನ ಭಾಷೆಯಲ್ಲಿ ಅದು ಪ್ರಸ್ತಾಪ. 'ಕೊಟ್ಟೆ' ಎಂಬುದು ಮಾರುವವನ ಜವಾಬು, ಅದು ಅಂಗೀಕಾರ. ಜವಾಬು ಬರುವ ತನಕ ಪ್ರಶ್ನೆ ಕೇಳಿದವನು ಅದನ್ನು ಹಿಂತೆಗೆದುಕೊಳ್ಳಬಹುದು. ಜವಾಬು ಬಿದ್ದ ಗಳಿಗೆಯಲ್ಲಿ ಕರಾರು ಹುಟ್ಟುತ್ತದೆ. ಆಮೇಲೆ ಹಿಂದೆ ಸರಿದರೆ ಅದು ಕರಾರಿನ ಭಂಗ.

ಪಶ್ಚಾತ್ತಾಪಕ್ಕೂ ಒಂದು ಅವಧಿ

ಕೊಂಡ ಮೇಲೆ ಮನಸ್ಸು ಬದಲಾಗುವುದು ಮನುಷ್ಯನ ಹಳೆಯ ಗುಣ. ನಮ್ಮ ಪ್ರಾಚೀನ ಧರ್ಮಶಾಸ್ತ್ರಕಾರರು ಇದಕ್ಕೆ ಒಂದು ಪ್ರತ್ಯೇಕ ವ್ಯವಹಾರಪದವನ್ನೇ ಮೀಸಲಿಟ್ಟಿದ್ದರು. ಮನು ಹೇಳುವ ಹದಿನೆಂಟು ವ್ಯವಹಾರಪದಗಳಲ್ಲಿ 'ಕ್ರಯವಿಕ್ರಯಾನುಶಯ' ಒಂದು. ಅನುಶಯವೆಂದರೆ ಪಶ್ಚಾತ್ತಾಪ, ಕೊಂಡು ಅಥವಾ ಮಾರಿ ಆಮೇಲೆ ಮರುಗುವುದು.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮನೆ–ಜಮೀನು ಮಾರುವ ಕ್ರಮ ಇಂದಿನ ಹರಾಜನ್ನು ನೆನಪಿಸುತ್ತದೆ. ನೆರೆಹೊರೆಯವರ ಮುಂದೆ ಬೆಲೆಯನ್ನು ಮೂರು ಸಲ ಸಾರಬೇಕು. ಯಾರೂ ತಡೆಯದಿದ್ದರೆ ಕೊಳ್ಳುವವನಿಗೆ ಹಕ್ಕು. ಪೈಪೋಟಿಯಿಂದ ಬೆಲೆ ಏರಿದರೆ ಏರಿದ ಮೊತ್ತ ಸುಂಕದ ಸಮೇತ ರಾಜಭಂಡಾರಕ್ಕೆ. ನಮ್ಮ 'ಮೂರು ಸಲ'ದ ವಯಸ್ಸು ಎಷ್ಟೆಂಬುದನ್ನು ಇದರಿಂದ ಊಹಿಸಬಹುದು. ಇದೇ ಗ್ರಂಥದ ಮತ್ತೊಂದು ಅಧ್ಯಾಯದಲ್ಲಿ ಸರಕನ್ನು ಮಾರಿ ಕೊಡದವನಿಗೂ, ಕೊಂಡು ತೆಗೆದುಕೊಳ್ಳದವನಿಗೂ ಒಂದೇ ದಂಡ: 12 ಪಣ. ಸರಕಿನಲ್ಲಿ ದೋಷವಿದ್ದರೆ, ಆಕಸ್ಮಿಕ ವಿಪತ್ತು ಬಂದಿದ್ದರೆ ವಿನಾಯಿತಿ. ಮನಸ್ಸು ಬದಲಿಸಲು ವರ್ತಕರಿಗೆ ಒಂದು ರಾತ್ರಿ, ಬೇಸಾಯಗಾರರಿಗೆ ಮೂರು ರಾತ್ರಿ, ದನಗಾಹಿಗಳಿಗೆ ಐದು ರಾತ್ರಿ ಕಾಲಾವಕಾಶ. ಕಣ್ಮರೆಯಾಗಿದ್ದ ಈ ಗ್ರಂಥವನ್ನು 1909ರಲ್ಲಿ ಅಚ್ಚಿಗೆ ತಂದವರು ಮೈಸೂರಿನ ಆರ್. ಶಾಮಶಾಸ್ತ್ರಿಗಳು ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ಯಾಜ್ಞವಲ್ಕ್ಯ ಸ್ಮೃತಿ ವಸ್ತುವಿಗೆ ತಕ್ಕಂತೆ ಪರೀಕ್ಷೆಯ ಅವಧಿ ಹೇಳುತ್ತದೆ. ಬಿತ್ತನೆ ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದು ದಿನ, ಭಾರ ಹೊರುವ ಎತ್ತಿಗೆ ಐದು ದಿನ, ರತ್ನಕ್ಕೆ ಏಳು ದಿನ, ಹಾಲು ಕರೆಯುವ ಹಸುವಿಗೆ ಮೂರು ದಿನ. ಈ ಸ್ಮೃತಿಗೆ 'ಮಿತಾಕ್ಷರಾ' ಎಂಬ ಪ್ರಸಿದ್ಧ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದದ್ದು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ. ಹಿಂದಿನವರ ನಿಲುವು ಸ್ಪಷ್ಟವಾಗಿತ್ತು. ಪಶ್ಚಾತ್ತಾಪ ತಪ್ಪಲ್ಲ, ಆದರೆ ಅದಕ್ಕೊಂದು ಗಡುವು ಇದೆ.

ಭಟ್ಟಿ ಸಾಮಾನಿನ ಮೊಕದ್ದಮೆ

ಇಂದಿನ ಭಾರತದ ಹರಾಜು ಕಾನೂನು ಬಂದದ್ದು ಇಂಗ್ಲೆಂಡಿನಿಂದ. 1789ರಲ್ಲಿ ಅಲ್ಲಿ ಭಟ್ಟಿ ಇಳಿಸುವ ಸಾಮಾನೊಂದನ್ನು ಹರಾಜಿಗೆ ಇಟ್ಟಿದ್ದರು. ಕೇವ್ ಎಂಬಾತ 40 ಪೌಂಡ್ ಕೂಗಿದ. ಹರಾಜುಗಾರ ಇನ್ನೂ ಹೆಚ್ಚು ಬರಲೆಂದು ಕಾಯುತ್ತಾ ಸಾಮಾನಿನ ತೂಕವನ್ನು ಹೊಗಳಿದ. 'ಅಷ್ಟು ತೂಕಕ್ಕೆ ನೀವು ಹೊಣೆಯೇ?' ಎಂದು ಕೇವ್ ಕೇಳಿದ. ಹರಾಜುಗಾರ ಇಲ್ಲವೆಂದ. 'ಹಾಗಾದರೆ ನನಗೆ ಬೇಡ' ಎಂದು ಕೇವ್ ಹಿಂದೆ ಸರಿದ. ಆಗಿನ್ನೂ ಸುತ್ತಿಗೆ ಬಿದ್ದಿರಲಿಲ್ಲ. ಮೊಕದ್ದಮೆ ನಡೆಯಿತು. ಪ್ರತಿ ಕೂಗೂ ಒಂದು ಪ್ರಸ್ತಾಪ ಮಾತ್ರ, ಸುತ್ತಿಗೆ ಬೀಳುವುದೇ ಒಪ್ಪಿಗೆ, ಅಲ್ಲಿಯವರೆಗೆ ಇಬ್ಬರೂ ಸ್ವತಂತ್ರರು ಎಂದು ನ್ಯಾಯಾಲಯ ಹೇಳಿತು.

'ಪೇನ್ ವಿರುದ್ಧ ಕೇವ್' ಎಂಬ ಈ ತೀರ್ಪು ಇಂಗ್ಲೆಂಡಿನ 1893ರ ಕಾಯ್ದೆಗೆ ಸೇರಿ, ಅಲ್ಲಿಂದ ನಮ್ಮ 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಮಿಗೆ ಬಂತು. ಹರಾಜುಗಾರ ಸುತ್ತಿಗೆ ಬಡಿದು ಅಥವಾ ರೂಢಿಯಲ್ಲಿರುವ ಬೇರೆ ಕ್ರಮದಲ್ಲಿ ಮುಕ್ತಾಯ ಸಾರಿದಾಗ ಮಾರಾಟ ಪೂರ್ಣವಾಗುತ್ತದೆ. ಅಲ್ಲಿಯವರೆಗೆ ಯಾವ ಸವಾಲುದಾರನೂ ತನ್ನ ಸವಾಲನ್ನು ಹಿಂತೆಗೆದುಕೊಳ್ಳಬಹುದು ಎಂದು ಆ ಕಲಮು ಹೇಳುತ್ತದೆ.

ಪರದೆಯ ಮೇಲೆ ಸುತ್ತಿಗೆ ಎಲ್ಲಿ?

ಆನ್‌ಲೈನ್ ಹರಾಜಿನ ಕಥೆ 1995ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ಪಿಯರೆ ಒಮಿದ್ಯಾರ್ ಎಂಬ ಯುವಕ ಕಟ್ಟಿದ, ಮುಂದೆ 'ಇಬೇ' ಎಂದು ಹೆಸರಾದ ತಾಣದಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, 14.83 ಡಾಲರಿಗೆ. ಭಾರತದಲ್ಲಿ 2000ದಲ್ಲಿ ಆರಂಭವಾದ 'ಬಾಜಿ ಡಾಟ್ ಕಾಮ್' ಅನ್ನು ಇಬೇ 2004ರಲ್ಲಿ ಕೊಂಡಿತು. ಆ ಭಾರತೀಯ ತಾಣ 2018ರಲ್ಲಿ ಮುಚ್ಚಿತು. ಆದರೆ ಆನ್‌ಲೈನ್ ಹರಾಜು ಉಳಿಯಿತು. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರನ್ನು ಸುಪ್ರೀಂ ಕೋರ್ಟಿನ ಆದೇಶದಂತೆ 2011ರಿಂದ 2022ರವರೆಗೆ ಇ–ಹರಾಜಿನಲ್ಲೇ ಮಾರಬೇಕಾಗಿದ್ದುದು ನಮ್ಮ ರಾಜ್ಯದ ಅನುಭವ.

ಇಲ್ಲಿ ಸುತ್ತಿಗೆಯ ಬದಲು ಗಡಿಯಾರವಿದೆ. ನಿಗದಿತ ವೇಳೆ ಮುಗಿದಾಗ ಮೇಲೆ ಯಾರ ಮೊತ್ತವಿದೆಯೋ ಅವರು ಗೆದ್ದಂತೆ. 'ನಾನು ಬರೀ ಗುಂಡಿ ಒತ್ತಿದೆ, ಸಹಿ ಹಾಕಿಲ್ಲ' ಎಂಬ ವಾದ ನಿಲ್ಲುವುದಿಲ್ಲ. ವಿದ್ಯುನ್ಮಾನ ಮಾರ್ಗದಲ್ಲಿ ಆಯಿತೆಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗುವುದಿಲ್ಲ ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮು ಸ್ಪಷ್ಟಪಡಿಸಿದೆ.

ಹೊರದೇಶಗಳ ನ್ಯಾಯಾಲಯಗಳೂ ಇದನ್ನೇ ಹೇಳಿವೆ. ಜರ್ಮನಿಯಲ್ಲಿ ಒಬ್ಬಾತ ಹೊಸ ಪಸಾಟ್ ಕಾರನ್ನು 10 ಮಾರ್ಕಿನಿಂದ ಹರಾಜಿಗಿಟ್ಟ. ಸುಮಾರು 57,000 ಮಾರ್ಕ್ ಬೆಲೆಯ ಕಾರಿಗೆ ಬಂದ ಕೊನೆಯ ಸವಾಲು 26,350 ಮಾರ್ಕ್. ಆತ ಕೊಡಲಾರೆನೆಂದ. 2001ರಲ್ಲಿ ಅಲ್ಲಿನ ಉಚ್ಚ ನ್ಯಾಯಪೀಠ ಕರಾರು ಆಗಿಹೋಗಿದೆ ಎಂದು ತೀರ್ಪಿತ್ತಿತು. ಆಸ್ಟ್ರೇಲಿಯದಲ್ಲಿ ಎರಡನೇ ಮಹಾಯುದ್ಧ ಕಾಲದ 'ವಿರಾವೇ' ವಿಮಾನವೊಂದನ್ನು ಒಂದೂವರೆ ಲಕ್ಷ ಡಾಲರಿಗೆ ಗೆದ್ದವನಿಗೆ ಮಾರಾಟಗಾರ ಅದನ್ನು ಕೊಡಲು ನಿರಾಕರಿಸಿದಾಗ, ವಿಮಾನವನ್ನೇ ಒಪ್ಪಿಸಬೇಕೆಂದು 2007ರಲ್ಲಿ ಆದೇಶವಾಯಿತು. ಈ ಎರಡರಲ್ಲೂ ಹಿಂದೆ ಸರಿದವನು ಮಾರುವವನು. ಆದರೆ ಕರಾರು ಎರಡಲಗಿನ ಕತ್ತಿ. ಮಾರುವವನನ್ನು ಕಟ್ಟಿಹಾಕುವ ಹಗ್ಗ ಕೊಳ್ಳುವವನನ್ನೂ ಕಟ್ಟುತ್ತದೆ.

ನಷ್ಟದ ಲೆಕ್ಕ

ಗೆದ್ದವನು ಹಣ ಕಟ್ಟದಿದ್ದರೆ ಮಾರುವವನು ಏನು ಮಾಡಬಹುದು? ವಸ್ತುವನ್ನು ಮರುಹರಾಜು ಹಾಕಿ ನಷ್ಟ ಕೇಳಬಹುದು; ಕೆಲವು ಸಂದರ್ಭಗಳಲ್ಲಿ ಪೂರ್ಣ ಬೆಲೆಗೇ ದಾವೆ ಹೂಡಬಹುದು. ಒಂದು ಹಳೆಯ ಟ್ರ್ಯಾಕ್ಟರನ್ನು ನೀವು 4,80,000 ರೂಪಾಯಿಗೆ ಗೆದ್ದು ಕೈಬಿಟ್ಟಿರಿ ಎಂದಿಟ್ಟುಕೊಳ್ಳಿ. ಮರುಹರಾಜಿನಲ್ಲಿ ಅದಕ್ಕೆ 4,30,000 ಬಂದರೆ ಕಡಿಮೆಯಾದ 50,000 ಮತ್ತು ಮರುಹರಾಜಿನ ಖರ್ಚು ನಿಮ್ಮ ತಲೆಗೆ. ಅದೇ 5 ಲಕ್ಷ ಬಂದರೆ? ಮಾರುವವನಿಗೆ ನಷ್ಟವೇ ಇಲ್ಲ, ಪರಿಹಾರ ಕೇಳಲು ಆಧಾರವೂ ಇಲ್ಲ. 1872ರ ಕರಾರು ಕಾಯ್ದೆಯ 73ನೇ ಕಲಮಿನ ಉದ್ದೇಶ ನಷ್ಟ ತುಂಬಿಕೊಡುವುದು, ಶಿಕ್ಷಿಸುವುದಲ್ಲ.

ಠೇವಣಿಯ ವಿಷಯಕ್ಕೂ ಇದೇ ತತ್ವ ಅನ್ವಯಿಸುತ್ತದೆಯೇ? ದೆಹಲಿ ಅಭಿವೃದ್ಧಿ ಪ್ರಾಧಿಕಾರ 1982ರಲ್ಲಿ ಹರಾಜು ಹಾಕಿದ ಒಂದು ನಿವೇಶನವನ್ನು ಕೈಲಾಸನಾಥ್ ಅಸೋಸಿಯೇಟ್ಸ್ ಎಂಬ ಸಂಸ್ಥೆ 3.12 ಕೋಟಿಗೆ ಪಡೆದು, ಕಾಲು ಭಾಗವಾದ 78 ಲಕ್ಷ ರೂಪಾಯಿ ಕಟ್ಟಿತ್ತು. ಉಳಿದ ಹಣದ ಗಡುವಿನ ಬಗ್ಗೆ ವರ್ಷಗಟ್ಟಲೆ ಪತ್ರವ್ಯವಹಾರ ನಡೆದು, ಕೊನೆಗೆ ಪ್ರಾಧಿಕಾರ ಆ 78 ಲಕ್ಷವನ್ನು ಮುಟ್ಟುಗೋಲು ಹಾಕಿಕೊಂಡಿತು. 1994ರಲ್ಲಿ ಅದೇ ನಿವೇಶನ 11.78 ಕೋಟಿಗೆ ಮಾರಾಟವಾಯಿತು. 2015ರಲ್ಲಿ ಸುಪ್ರೀಂ ಕೋರ್ಟು, ನಷ್ಟವೇ ಆಗದಿದ್ದಾಗ 74ನೇ ಕಲಮಿನಡಿ ಠೇವಣಿ ಇಟ್ಟುಕೊಳ್ಳುವಂತಿಲ್ಲವೆಂದು ಹೇಳಿ ಹಣವನ್ನು ಬಡ್ಡಿಯೊಡನೆ ಹಿಂದಿರುಗಿಸಲು ಆದೇಶಿಸಿತು.

ಇದನ್ನು ಓದಿ ಯಾರೂ ನಿಶ್ಚಿಂತರಾಗಬಾರದು. ಅದೇ ತೀರ್ಪು, ಕರಾರು ಹುಟ್ಟುವ ಮೊದಲೇ ಹರಾಜಿನ ಷರತ್ತಿನಂತೆ ಠೇವಣಿ ಮುಟ್ಟುಗೋಲಾದರೆ 74ನೇ ಕಲಮು ಅನ್ವಯಿಸುವುದಿಲ್ಲವೆಂದೂ ಹೇಳಿದೆ. ಹೆದ್ದಾರಿ ಸುಂಕ ವಸೂಲಿಯ ಟೆಂಡರೊಂದರ ಪ್ರಕರಣದಲ್ಲಿ 2003ರಲ್ಲಿ ಸುಪ್ರೀಂ ಕೋರ್ಟು ಇನ್ನೂ ನೇರವಾಗಿ ಹೇಳಿತ್ತು. ಪ್ರಸ್ತಾಪವನ್ನು ಹಿಂತೆಗೆದುಕೊಳ್ಳುವ ಹಕ್ಕು ಇದ್ದೇ ಇದೆ. ಆದರೆ ಹಿಂತೆಗೆದರೆ ಠೇವಣಿ ಹೋಗುತ್ತದೆ ಎಂಬ ಷರತ್ತಿಗೆ ಒಪ್ಪಿದ್ದರೆ ಅದು ಹೋಗುತ್ತದೆ. ಹಕ್ಕು ಬೇರೆ, ಹಕ್ಕಿನ ಬೆಲೆ ಬೇರೆ.

ಬ್ಯಾಂಕಿನ ಹರಾಜು: ಎಚ್ಚರಿಕೆ ಬೇಕಾದ ಜಾಗ

ಸಾಮಾನ್ಯ ಜನ ಹೆಚ್ಚು ಪೆಟ್ಟು ತಿನ್ನುವುದು ಬ್ಯಾಂಕುಗಳು 2002ರ ಸರ್ಫೇಸಿ ಕಾಯ್ದೆಯಡಿ ನಡೆಸುವ ಇ–ಹರಾಜಿನಲ್ಲಿ. ಪತ್ರಿಕೆಯಲ್ಲಿ ಪ್ರಕಟಣೆ ನೋಡುತ್ತೇವೆ. ಮಾರುಕಟ್ಟೆಗಿಂತ ಅಗ್ಗವೆನಿಸುತ್ತದೆ. ಸಾಲ ಸಿಗುತ್ತದೆಂಬ ಭರವಸೆಯಲ್ಲಿ ಸವಾಲು ಹಾಕುತ್ತೇವೆ. ನಿಯಮ ಹೀಗಿದೆ: ಗೆದ್ದವನು ಅದೇ ದಿನ ಅಥವಾ ಮರುದಿನದ ಕಚೇರಿ ವೇಳೆಯೊಳಗೆ, ಮೊದಲು ಕಟ್ಟಿದ ಠೇವಣಿಯೂ ಸೇರಿ, ಬೆಲೆಯ ಶೇಕಡಾ 25 ಭಾಗ ಕಟ್ಟಬೇಕು. ಉಳಿದದ್ದನ್ನು ಮಾರಾಟ ಸ್ಥಿರಗೊಂಡ ಹದಿನೈದು ದಿನದೊಳಗೆ ತುಂಬಬೇಕು. ಲಿಖಿತ ಒಪ್ಪಿಗೆ ಇದ್ದರೆ ಗಡುವು ವಿಸ್ತರಿಸಬಹುದು, ಆದರೆ ಮೂರು ತಿಂಗಳು ಮೀರುವಂತಿಲ್ಲ. ತಪ್ಪಿದರೆ ಕಟ್ಟಿದ ಹಣ ಮುಟ್ಟುಗೋಲು, ಆಸ್ತಿ ಮರುಹರಾಜು.

ಇಲ್ಲಿಯೂ ನಷ್ಟವಾಗಿದ್ದರೆ ಮಾತ್ರ ಮುಟ್ಟುಗೋಲೇ? ತಮಿಳುನಾಡಿನ ಪ್ರಕರಣವೊಂದರಲ್ಲಿ ಒಬ್ಬರು 12.27 ಕೋಟಿಗೆ ಆಸ್ತಿ ಗೆದ್ದು, ಕಾಲು ಭಾಗ, ಅಂದರೆ ಮೂರು ಕೋಟಿಗೂ ಮಿಕ್ಕಿ ಕಟ್ಟಿದ್ದರು. ಬಾಕಿ ಹಣ ಸಕಾಲದಲ್ಲಿ ಹೊಂದಲಿಲ್ಲ. 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಇಡೀ ಮೊತ್ತದ ಮುಟ್ಟುಗೋಲನ್ನು ಎತ್ತಿಹಿಡಿಯಿತು. ಇದು ಇಬ್ಬರ ನಡುವಿನ ಕರಾರಿನಿಂದ ಬಂದ ದಂಡವಲ್ಲ, ಶಾಸನವೇ ವಿಧಿಸಿದ ಪರಿಣಾಮ. ಆದ್ದರಿಂದ 73, 74ನೇ ಕಲಮುಗಳ ನಷ್ಟದ ಲೆಕ್ಕ ಇಲ್ಲಿ ಬರುವುದಿಲ್ಲ ಎಂಬುದು ಅದರ ತರ್ಕ. ಇಷ್ಟು ಕಠಿಣ ಏಕೆ? ಸಾಲಗಾರರೇ ತಮ್ಮವರಿಂದ ದೊಡ್ಡ ಸವಾಲು ಹಾಕಿಸಿ, ಆಮೇಲೆ ಕೈಬಿಡಿಸಿ ಹರಾಜನ್ನೇ ಹಾಳುಗೆಡವಲು ಸಾಧ್ಯವಿರುವುದರಿಂದ. ತೀರ ಅಪರೂಪದ ಸಂದರ್ಭದಲ್ಲಿ ಮಾತ್ರ ಕರುಣೆಗೆ ಎಡೆಯಿದೆ. ಕೋವಿಡ್ ಕಾಲದ ಒಂದು ಪ್ರಕರಣದಲ್ಲಿ 2021ರಲ್ಲಿ ಅದೇ ನ್ಯಾಯಾಲಯ ಠೇವಣಿ ಮರಳಿಸಿತ್ತು.

ಸಿವಿಲ್ ನ್ಯಾಯಾಲಯ ನಡೆಸುವ ಹರಾಜು ಇನ್ನೂ ಬಿಗಿ. ಅಲ್ಲಿ ಕಾಲು ಭಾಗ ಸ್ಥಳದಲ್ಲೇ, ಉಳಿದದ್ದು ಹದಿನೈದು ದಿನದಲ್ಲಿ. ತಪ್ಪಿದರೆ ಠೇವಣಿಯೂ ಹೋಗಬಹುದು, ಮರುಹರಾಜಿನಲ್ಲಿ ಬೆಲೆ ಕುಸಿದರೆ ಆ ವ್ಯತ್ಯಾಸವನ್ನೂ ಸುಸ್ತಿದಾರನೇ ತೆರಬೇಕು.

ಹೊರಬರುವ ದಾರಿಗಳು

ನ್ಯಾಯವಾಗಿ ಹೊರಬರಲು ದಾರಿಗಳಿಲ್ಲವೆಂದಲ್ಲ. ಮೊದಲನೆಯದು, ಜವಾಬು ಇನ್ನೂ ಬಿದ್ದಿಲ್ಲದಿರುವುದು. ಸರ್ಕಾರಿ ಹರಾಜುಗಳಲ್ಲಿ 'ಮೇಲಧಿಕಾರಿಯ ಮಂಜೂರಾತಿಗೆ ಒಳಪಟ್ಟು' ಎಂಬ ಮಾತಿರುತ್ತದೆ. 1949ರಲ್ಲಿ ದೆಹಲಿಯ ದೇಶಿ ಮದ್ಯದಂಗಡಿಯ ಹರಾಜಿನಲ್ಲಿ ಒಬ್ಬರು 4,01,000 ರೂಪಾಯಿ ಕೂಗಿ ಮುಂಗಡ ಕಟ್ಟಲಿಲ್ಲ. ಮರುಹರಾಜಿನಲ್ಲಿ ಬಂದದ್ದು 2,20,000 ಮಾತ್ರ. ಸರ್ಕಾರ ವ್ಯತ್ಯಾಸ ಕೇಳಿತು. ಮುಖ್ಯ ಆಯುಕ್ತರ ಮಂಜೂರಾತಿಯೇ ಆಗಿರಲಿಲ್ಲವಾದ್ದರಿಂದ ಕರಾರೇ ಹುಟ್ಟಿರಲಿಲ್ಲ, ಹೊಣೆಯೂ ಇಲ್ಲ ಎಂದು 1969ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಎರಡನೆಯದು ಮೋಸ. ಬೆಲೆ ಏರಿಸಲು ಮಾರುವವನೇ ಸುಳ್ಳು ಸವಾಲುದಾರರನ್ನು ಕೂರಿಸಿದ್ದರೆ, ಕೊಳ್ಳುವವನು ಮಾರಾಟವನ್ನು ರದ್ದುಪಡಿಸಬಹುದೆಂದು 64ನೇ ಕಲಮೇ ಹೇಳುತ್ತದೆ. ವಸ್ತುವಿನ ಬಗ್ಗೆ ಸುಳ್ಳು ವಿವರ ಕೊಟ್ಟಿದ್ದರೂ ಹಾಗೆಯೇ. ಮೂರನೆಯದು ವಯಸ್ಸು. ಹದಿನೆಂಟು ತುಂಬದವರ ಕರಾರು ಕರಾರೇ ಅಲ್ಲವೆಂದು ಪ್ರಿವಿ ಕೌನ್ಸಿಲ್ 1903ರಲ್ಲೇ ತೀರ್ಮಾನಿಸಿದೆ.

ಆದರೆ 'ಕೈತಪ್ಪಿ ಒಂದು ಸೊನ್ನೆ ಹೆಚ್ಚು ಒತ್ತಿದೆ' ಎಂಬುದು ಬಲವಾದ ನೆಪವಲ್ಲ. ಒಬ್ಬನ ತಪ್ಪುಗ್ರಹಿಕೆಯಿಂದಷ್ಟೇ ಕರಾರು ರದ್ದಾಗದು ಎನ್ನುತ್ತದೆ ಕಾಯ್ದೆ. ಕೆಲವು ತಾಣಗಳು ಇಂಥ ತಪ್ಪನ್ನು ಒಡನೆಯೇ ತಿದ್ದಲು ಅವಕಾಶ ಕೊಡುತ್ತವೆ. ಗಡಿಯಾರ ಮುಗಿಯುವ ಮುನ್ನ ಅದನ್ನು ಬಳಸಿಕೊಳ್ಳಬೇಕು. ಇನ್ನು ಜೈಲಿನ ಭಯ. ಹಣ ಹೊಂದದೆ ಮಾತು ತಪ್ಪುವುದು ಸಿವಿಲ್ ವ್ಯಾಜ್ಯ, ಅಪರಾಧವಲ್ಲ. ಮೊದಲಿನಿಂದಲೂ ವಂಚಿಸುವ ಉದ್ದೇಶವೇ ಇತ್ತೆಂದು ಸಾಬೀತಾದರೆ ಮಾತ್ರ ವಂಚನೆಯ ಕಲಮು ಬರುತ್ತದೆ.

ದುಡ್ಡು ಕೊಡಲಾರೆ ಎಂದವನು

ಹಿಂದೆ ಸರಿದವರಲ್ಲಿ ಜಗತ್ತಿನ ಗಮನ ಸೆಳೆದವನೊಬ್ಬನಿದ್ದಾನೆ. 2009ರ ಫೆಬ್ರುವರಿಯಲ್ಲಿ ಪ್ಯಾರಿಸಿನ ಕ್ರಿಸ್ಟೀಸ್ ಹರಾಜಿನಲ್ಲಿ ಇಲಿ ಮತ್ತು ಮೊಲದ ಎರಡು ಕಂಚಿನ ತಲೆಗಳು ಬಂದವು. 1860ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೈನ್ಯ ಬೀಜಿಂಗಿನ ಬೇಸಿಗೆ ಅರಮನೆಯನ್ನು ಲೂಟಿ ಮಾಡಿದಾಗ ಕಳೆದುಹೋದವು ಅವು. ಕಾಯ್ ಮಿಂಗ್‌ಚಾವೊ ಎಂಬ ಚೀನೀ ಸಂಗ್ರಾಹಕ ದೂರವಾಣಿಯಲ್ಲಿ ಸವಾಲು ಹಾಕಿ ಮೂರು ಕೋಟಿ ಯೂರೋಗೂ ಹೆಚ್ಚಿಗೆ ಗೆದ್ದ. ಆಮೇಲೆ, ಇದು ಚೀನೀಯನಾಗಿ ತನ್ನ ಕರ್ತವ್ಯ, ಹಣ ಕೊಡುವುದಿಲ್ಲ ಎಂದು ಸಾರಿದ. ಕದ್ದ ಮಾಲಿಗೆ ದುಡ್ಡೇಕೆ ಎಂಬುದು ಅವನ ಬೆಂಬಲಿಗರ ಮಾತು. ಮಾರಾಟ ನಿಂತಿತು. ತಲೆಗಳನ್ನು ಮುಂದೆ ಕ್ರಿಸ್ಟೀಸ್‌ನ ಒಡೆಯರಾದ ಫ್ರೆಂಚ್ ಉದ್ಯಮಿ ಫ್ರಾಂಸ್ವಾ ಪಿನೋ ಅವರ ಕುಟುಂಬ ಪಡೆದು 2013ರಲ್ಲಿ ಚೀನಾಕ್ಕೆ ಕೊಡುಗೆಯಾಗಿ ಕೊಟ್ಟಿತು. ಕರಾರು ಮುರಿದದ್ದು ನಿಜ, ಹರಾಜನ್ನು ನಿಲ್ಲಿಸಿದ್ದೂ ನಿಜ. ಆದರೆ ಎಲ್ಲರ ಹಿಂದೆಯೂ ಒಂದು ದೇಶ ನಿಲ್ಲುವುದಿಲ್ಲ.

ನಮ್ಮ ನಿಮ್ಮಂಥವರಿಗೆ ಉಳಿಯುವುದು ಸರಳವಾದ ಎಚ್ಚರಗಳು. ಹರಾಜಿನ ಷರತ್ತುಗಳನ್ನು ಸವಾಲಿಗೆ ಮೊದಲು ಓದಬೇಕು, ಆಮೇಲಲ್ಲ. ಠೇವಣಿ ಎಷ್ಟು, ಯಾವಾಗ ಮುಟ್ಟುಗೋಲಾಗುತ್ತದೆ, ಮಂಜೂರಾತಿ ಯಾರದು ಎಂಬುದನ್ನು ಕೇಳಿ ತಿಳಿಯಬೇಕು. ಮನೆಯಾದರೆ ಹೋಗಿ ನೋಡಬೇಕು, ಕಾಗದಪತ್ರ ವಕೀಲರಿಗೆ ತೋರಿಸಬೇಕು. ಸಾಲ ಸಿಗುತ್ತದೆಂದು ಯಾರೋ ಬಾಯಿಮಾತಿನಲ್ಲಿ ಹೇಳಿದ್ದನ್ನು ನಂಬಿ ಕೂಗಬಾರದು. ಸಂಜೆಯ ಪೈಪೋಟಿಯಲ್ಲಿ ಎಷ್ಟರವರೆಗೆ ಹೋಗಬಹುದೆಂಬುದನ್ನು ಬೆಳಿಗ್ಗೆಯೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಕೌಟಿಲ್ಯ ಬೇಸಾಯಗಾರನಿಗೆ ಮೂರು ರಾತ್ರಿ ಕೊಟ್ಟಿದ್ದ. ಇಂದಿನ ಗಡಿಯಾರ ಅಷ್ಟು ಉದಾರಿಯಲ್ಲ. ಪಂಚಾಯಿತಿ ಕಟ್ಟೆಯಲ್ಲಿ ಹರಾಜುಗಾರ 'ಎರಡನೇ ಸಲ' ಎಂದು ರಾಗ ಎಳೆದು ನಮ್ಮ ಮುಖ ನೋಡುತ್ತಿದ್ದ. ಪರದೆ ಯಾರ ಮುಖವನ್ನೂ ನೋಡುವುದಿಲ್ಲ. ಆದ್ದರಿಂದ ಮರುಗುವುದೇನಿದ್ದರೂ ಸವಾಲು ಹಾಕುವ ಮೊದಲೇ ಮರುಗಿ ಮುಗಿಸಿಕೊಳ್ಳಬೇಕು.